ಹುಣಸೆ ಮರ ಬಿಟ್ಟುಕೊಟ್ಟ ಊರು

ನಮ್ಮ ಮಂಡ್ಯ ಸೀಮೆ ಚರಿತ್ರೆ ಅಂದ್ರೆ ಅರಸರು, ಕಟ್ಟೆ, ನಾಲೆ ಅಂತ್ಲೇ ಹೇಳ್ತಾರೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಚರಿತ್ರೆ ಬೇರೆ ಥರ ಕಣ್ರಮ್ಮ. ಅದು ಹುಣಸೆ ಮರದ್ದು, ಬಾಣಂತನದ್ದು. ಅದಕ್ಕೇ ನಾವು ಹೆಂಗಸರು ಕೂತು ಮಾತಾಡ್ಕೋಬೇಕಾದ್ದು.

ಚಳಿ ಬೀಳೋ ಹೊತ್ತಿಗೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಆ ಊರಿಗೆ ಬತ್ತವೆ. ಕಾಡಿಗಲ್ಲ, ನಡುಗಡ್ಡೆಗಲ್ಲ, ಮನೆ ಮುಂದಿನ ಹುಣಸೆ, ಅರಳಿ ಮರಕ್ಕೆ. ಅಲ್ಲೇ ಗೂಡು, ಮೊಟ್ಟೆ, ಮರಿ. ಶಿಂಷಾ ಹೊಳೆಯಿಂದ, ಸುತ್ತಲ ಕೆರೆಗಳಿಂದ ಮೀನು ತಂದು ಸಾಕ್ತವೆ. ಮುಂಗಾರಿನ ಹೊತ್ತಿಗೆ ಮರಿಗಳ ಜೊತೆ ಹೊರಟುಬಿಡ್ತವೆ. ಊರೋರು ಇವನ್ನ ಹೆರಿಗೆಗೆ ತವರಿಗೆ ಬಂದ ಹೆಣ್ಮಕ್ಕಳು ಅಂತಾರೆ. 1916ರಲ್ಲಿ ಪ್ಲೇಗಿಗೆ ಹೆದರಿ ಜನ ಹಳೇ ಊರು ಬಿಟ್ಟು ಈಗಿನ ಜಾಗಕ್ಕೆ ಬಂದಾಗ, ಹಕ್ಕಿಗಳೂ ಹಿಂದೆನೇ ಬಂದ್ವು ಅಂತ ಹಿರಿಯರ ಮಾತು.

ರಂಗನತಿಟ್ಟನ್ನ 1940ರಲ್ಲಿ ಪಕ್ಷಿಧಾಮ ಮಾಡಿದ್ದು ಮೈಸೂರು ಅರಸರು, ಸಲೀಂ ಅಲಿಯವರ ಮಾತು ಕೇಳಿ. ಬೆಳ್ಳೂರಲ್ಲಿ ಯಾರ ಆಜ್ಞೆನೂ ಇರಲಿಲ್ಲ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಊರನ್ನ ಹೊರಗಿನೋರಿಗೆ ತೋರಿಸಿಕೊಡೋ ಹೊತ್ತಿಗಾಗ್ಲೇ ಜನ ತಲೆಮಾರುಗಳಿಂದ ಕಾಪಾಡ್ಕೊಂಡು ಬಂದಿದ್ರು.

ಪುಕ್ಕಟೆ ಏನಲ್ಲ. ಹಕ್ಕಿ ಕೂತ ಮರದ ಹುಣಸೆಹಣ್ಣು ಹಿಕ್ಕೆ ಬಿದ್ದು ಕೆಡ್ತದೆ. ಹುಣಸೆ ಹೋದ್ರೆ ವರ್ಷದ ಸಾರಿನ ಹುಳಿ ಹೋಯ್ತು, ಮಾರಿ ಬರೋ ಕಾಸೂ ಹೋಯ್ತು. ಅದೇ ಹಿಕ್ಕೆನ ಗುಂಡಿ ತೋಡಿ ಕೂಡಿಟ್ಟು ಹೊಲಕ್ಕೆ ಗೊಬ್ಬರ ಮಾಡ್ಕೊಂಡ್ರು ನಿಜ. ಆದ್ರೂ ಮನೆ ಮಗಳ ಮದುವೆಗೆ ದುಡ್ಡು ಬೇಕಾದಾಗ ತವರಿಗೆ ಬಂದ ಹಕ್ಕಿ ಮುಖ ನೋಡಿ ಎಷ್ಟು ಜನ ಮರ ಉಳಿಸ್ಕೊಳ್ಳಕ್ಕಾಗ್ತದೆ? ಮರಗಳು ಕೊಡಲಿಗೆ ಬಿದ್ವು. ಅದಕ್ಕೇ ಅರಣ್ಯ ಇಲಾಖೆ ಮರದ ಯಜಮಾನರಿಗೆ ಪರಿಹಾರ ಕೊಡೋ ಏರ್ಪಾಡು ಮಾಡ್ತು. ಊರಿನ ಹುಡುಗರು ಹೆಜ್ಜಾರ್ಲೆ ಬಳಗ ಕಟ್ಟಿ, ಗೂಡಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ ಬದುಕಿಸಿದ್ರು. 2007ರಲ್ಲಿ ಸರ್ಕಾರ ಇದನ್ನ ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸ್ತು.

ಅಷ್ಟಾದ್ರೂ ನೆಮ್ಮದಿಯಿಲ್ಲ. 2017ರ ಕೊನೆಯಿಂದ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತು ಬಿದ್ವು. ಕೊಯ್ದು ನೋಡಿದ್ರೆ ಒಳಗೆ ಜಂತುಹುಳ. ಮರ ಉಳಿಸಿದ್ರೆ ಸಾಲದು, ಅವು ಮೀನು ಹಿಡಿಯೋ ನೀರೂ ನೆಟ್ಟಗಿರಬೇಕು. ತವರಲ್ಲಿ ಮಂಚ ಹಾಕಿ, ಊಟಕ್ಕೆ ಕೆಟ್ಟದ್ದು ಬಡಿಸಿದ್ರೆ ಅದೆಂಥಾ ಬಾಣಂತನ?

ಪ್ಯಾಟೆಲಿ ನಾವು ಕಾರಿನ ಮೇಲೆ ಹಿಕ್ಕೆ ಬೀಳ್ತದೆ ಅಂತ ಕೊಂಬೆ ಕಡಿಸ್ತೀವಿ. ಅವರು ವರ್ಷದ ಹುಳಿನೇ ಬಿಟ್ಟುಕೊಟ್ರು. ಬೀದಿಮರ ಕಡಿಸೋಕೆ ಸಹಿ ಕೇಳ್ಕೊಂಡು ಯಾರಾದ್ರೂ ಬಾಗಿಲಿಗೆ ಬಂದ್ರೆ, ಒಂದ್ಸಲ ಕತ್ತೆತ್ತಿ ನೋಡ್ರಮ್ಮ, ಮೇಲೆ ಗೂಡು ಇದ್ದಾತು.