ತಂತಿಹಗ್ಗದಿಂದ ಸಂಕೇತಸೂತ್ರಕ್ಕೆ

ಹುಕ್ಕೇರಿ ಸೀಮೆಯನ್ನು ಹಾದು ಬರುವ ಘಟಪ್ರಭೆಯು ಗೋಕಾಕದ ಬಳಿ ಸುಮಾರು 170 ಅಡಿ ಆಳಕ್ಕೆ ಧುಮುಕುವೆಡೆಯಲ್ಲಿ, 1887ರಷ್ಟು ಹಿಂದೆಯೇ, ಕಮರಿಯ ತಳದ ಟರ್ಬೈನುಗಳ ಬಲವನ್ನು ಮೇಲಣ ನೂಲಿನ ಗಿರಣಿಗೆ ಒಯ್ದವು ತಂತಿಹಗ್ಗಗಳು; ಶಕ್ತಿ ಹುಟ್ಟುವ ಎಡೆಯೊಂದು, ದುಡಿಯುವ ಎಡೆಯೊಂದು ಆದಾಗ ನಡುವಣ ಹಗ್ಗವೇ ಸರ್ವಸ್ವವಲ್ಲವೆ?

ಗಣಕಯಂತ್ರದ ಚರಿತ್ರೆಯಲ್ಲಿಯೂ ಇಂಥ ಹಗ್ಗವೊಂದುಂಟು. 1976ರಲ್ಲಿ ಅಮೆರಿಕೆಯ ಎಂ.ಐ.ಟಿ.ಯಲ್ಲಿ ಜನಿಸಿದ ಈಮ್ಯಾಕ್ಸ್ ಮೊದಲಾದ ಪಠ್ಯಸಂಪಾದಕಗಳಲ್ಲಿ ಬರೆದ ಸಂಕೇತಸೂತ್ರಗಳನ್ನು, ಆಜ್ಞೆಗಳನ್ನು ಓದಿ ನಡೆಸಲು ಪಕ್ಕದಲ್ಲೇ ಕಾದು ಕುಳಿತ ಶೆಲ್ಲಿಗೆ ಸಾಲುಸಾಲಾಗಿ ಕಳುಹುವ ಪದ್ಧತಿ ಬೆಳೆಯಿತು. 1991ರಲ್ಲಿ ಪ್ರಕಟವಾದ ಪೈಥಾನ್ ಭಾಷೆಯಲ್ಲಿ ಅದು ತೊಡಕಿಗೆ ಸಿಲುಕಿತು: ಫಂಕ್ಷನ್ನಿನ ನಡುವೆ, ಓದುವವನ ಅನುಕೂಲಕ್ಕೆಂದು ಬಿಟ್ಟ ಖಾಲಿ ಸಾಲನ್ನು ಶೆಲ್ಲು ಸಮಾಪ್ತಿಯೆಂದೇ ಬಗೆದು, ಮುಂದಣ ಸಾಲಿನ ಇಂಡೆಂಟನ್ನು, ಎಂದರೆ ಮೊದಲಲ್ಲಿ ಬಿಟ್ಟ ತೆರಪನ್ನು, ದೋಷವೆಂದು ತಿರಸ್ಕರಿಸುತ್ತಿತ್ತು. ನಿರ್ದೋಷಿಯಾದ ವಿದ್ಯಾರ್ಥಿಯನ್ನು ಅಪರಾಧಿಯಾಗಿಸುವ ಈ ಕೊರತೆಯನ್ನು ಅಲ್ಪವೆಂದು ನಾನು ಎಣಿಸಲಾರೆ. ಪರಿಹಾರವೋ ಸರಳವೂ ಸುಂದರವೂ ಆದುದು: ಕಳುಹುವ ಪಾಠದ ಆದಿಯಲ್ಲಿ ಎಸ್ಕೇಪ್ ಸಂಜ್ಞೆಯೊಡನೆ 200, ಅಂತ್ಯದಲ್ಲಿ 201 ಎಂಬ ಗುರುತಿಟ್ಟು, ನಡುವಿನದೆಲ್ಲ ಅಖಂಡವೆಂದು ಸಾರುವುದು. ಬ್ಯಾಶ್ ಎಂಬ ಶೆಲ್ಲಿನ 2020ರ 5.1ನೆಯ ಆವೃತ್ತಿಯು ಇದನ್ನು ತಾನಾಗಿಯೇ ಆಚರಣೆಗೆ ತಂದಿತು. ಪೈಥಾನಿನ ಸ್ವಂತ ಶೆಲ್ಲು 2024ರ 3.13ನೆಯ ಆವೃತ್ತಿಯಲ್ಲಿ ಇದನ್ನು ಕಲಿಯಿತು.

ಗೋಕಾಕ, ಮೂಡಲಗಿಯ ತರುಣರೇ, ನಿಮ್ಮ ಸೂತ್ರ ಮುರಿದುಬಿದ್ದಾಗ ಮೊದಲು ನಡುವಣ ಹಗ್ಗವನ್ನು ಪರೀಕ್ಷಿಸಿರಿ.