ಇಳಿಜಾರು ಮತ್ತು ರೇಖಾತ್ಮಕ ಸಮೀಕರಣ: ಸಯನ್‌ನ ಮೀಟರ್ ದರ

ಒಂದು ಪರಿಮಾಣ ಒಂದು ಮಾನದಷ್ಟು ಹೆಚ್ಚಿದಾಗ ಅದನ್ನು ಅವಲಂಬಿಸಿದ ಇನ್ನೊಂದು ಎಷ್ಟು ಏರುತ್ತದೆ ಅಥವಾ ಇಳಿಯುತ್ತದೆ ಎಂಬ ಅಳತೆಯೇ ಇಳಿಜಾರು. ಅದು ಉದ್ದಕ್ಕೂ ಒಂದೇ ಆಗಿದ್ದರೆ ನಕ್ಷೆಯಲ್ಲಿ ಸರಳರೇಖೆ ಬರುತ್ತದೆ. ಅದರ ಸಮೀಕರಣ ವೈ = ಎಂಎಕ್ಸ್ + ಸಿ; ಎಂ ಇಳಿಜಾರು, ಸಿ ಆರಂಭದ ಬೆಲೆ.

ಕನ್ನಡನಾಡಿನಲ್ಲಿ ಈ ವಿಚಾರ ತ್ರೈರಾಶಿಕವಾಗಿ ಬಹುಕಾಲ ಬಾಳಿದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಸು. 850ರ 'ಗಣಿತಸಾರಸಂಗ್ರಹ'ದಲ್ಲಿ ಅದನ್ನು ವಿಸ್ತಾರವಾಗಿ ವಿವರಿಸಿದ. 12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ. ತ್ರೈರಾಶಿಕದಲ್ಲಿ ಗೊತ್ತಿರುವ ಅಳತೆ 'ಪ್ರಮಾಣ', ಅದಕ್ಕೆ ಸಿಗುವುದು 'ಫಲ', ಲೆಕ್ಕ ಬೇಕಾದ ಅಳತೆ 'ಇಚ್ಛೆ'; ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಬೇಕು. ಫಲ, ಪ್ರಮಾಣಗಳ ಅನುಪಾತವೇ ಇಂದಿನ ಇಳಿಜಾರು. ಸಿ ಸೊನ್ನೆಯಾದಾಗ ಮಾತ್ರ ಈ ಸೂತ್ರ ನೇರವಾಗಿ ನಡೆಯುತ್ತದೆ. ಯೂರೋಪಿನಲ್ಲಿ ಫರ್ಮಾ ಮತ್ತು ಡೆಕಾರ್ಟ್ 17ನೇ ಶತಮಾನದಲ್ಲಿ ರೇಖೆಯನ್ನೂ ಸಮೀಕರಣವನ್ನೂ ಒಂದುಗೂಡಿಸಿದರು. ಡೆಕಾರ್ಟ್‌ನ ಗ್ರಂಥ 1637ರದು.

ಮುಂಬಯಿಯಲ್ಲಿ ಈ ಗಣಿತ ನಿತ್ಯ ರಸ್ತೆಯ ಮೇಲಿದೆ, ಸಯನ್‌ನಲ್ಲಂತೂ ಕಣ್ಣಿಗೆ ಕಟ್ಟುವಂತಿದೆ. ದ್ವೀಪನಗರದೊಳಗೆ ಆಟೋರಿಕ್ಷಾ ಓಡುವಂತಿಲ್ಲ. ಪಶ್ಚಿಮದಲ್ಲಿ ಮಾಹಿಮ್, ಪೂರ್ವದಲ್ಲಿ ಸಯನ್ ಅದರ ಎಲ್ಲೆ. ಅಲ್ಲಿಂದ ಮುಂದೆ ಕಪ್ಪು-ಹಳದಿ ಬಣ್ಣದ 'ಕಾಳಿ-ಪೀಲಿ' ಟ್ಯಾಕ್ಸಿ. ಹಳೆಯ ಯಾಂತ್ರಿಕ ಮೀಟರ್ ತೋರಿಸುತ್ತಿದ್ದ ಅಂಕಿಯೇ ಬಾಡಿಗೆಯಾಗಿರಲಿಲ್ಲ. ಚಾಲಕನ ಬಳಿಯ ದರಪಟ್ಟಿ ನೋಡಿ ರೂಪಾಯಿಗೆ ತಿರುಗಿಸಬೇಕಿತ್ತು. ದರ ಏರಿದಾಗ ಪಟ್ಟಿ ಮಾತ್ರ ಬದಲಾಗುತ್ತಿತ್ತು. 2012ರ ನಂತರ ಎಲೆಕ್ಟ್ರಾನಿಕ್ ಮೀಟರ್‌ಗಳು ಬಂದು ಪಟ್ಟಿ ನೋಡಿ ತಿರುಗಿಸುವ ಈ ಎರಡನೆಯ ಲೆಕ್ಕ ತಪ್ಪಿತು.

2025ರ ಫೆಬ್ರವರಿ 1ರಿಂದ ಮೊದಲ 1.5 ಕಿ.ಮೀ.ಗೆ ಟ್ಯಾಕ್ಸಿಗೆ 31 ರೂ., ಆಟೋಗೆ 26 ರೂ.; ಆಮೇಲೆ ಕಿ.ಮೀ.ಗೆ ಕ್ರಮವಾಗಿ 20.66 ಮತ್ತು 17.14 ರೂ. ಟ್ಯಾಕ್ಸಿಯ ಸಮೀಕರಣ: ಬಾಡಿಗೆ = 31 + 20.66 (ದೂರ − 1.5). ಆವರಣ ಬಿಡಿಸಿದರೆ ಸಿ ಬರೀ ಒಂದು ಪೈಸೆ! 31ನ್ನು 1.5ರಿಂದ ಭಾಗಿಸಿದರೂ ಹೆಚ್ಚುಕಡಿಮೆ 20.66 ಬರುವುದೇ ಇದಕ್ಕೆ ಕಾರಣ. ಅಂದರೆ ಕನಿಷ್ಠ ದರದ ದೂರ ದಾಟಿದ ಮೇಲೆ ರಾಜಾದಿತ್ಯನ ಕಾಲದ ತ್ರೈರಾಶಿಕವೇ ಸಾಕು. ಆಟೋದ ಸಿ 29 ಪೈಸೆ.

ದರ ಗೊತ್ತಿಲ್ಲದಿದ್ದರೂ ಎರಡು ಪ್ರಯಾಣಗಳಿಂದ ಇಳಿಜಾರನ್ನು ಕಂಡುಹಿಡಿಯಬಹುದು. ಹಗಲಿನಲ್ಲಿ, ಕಾಯುವ ಶುಲ್ಕವಿಲ್ಲದೆ, ಟ್ಯಾಕ್ಸಿಗೆ 4 ಕಿ.ಮೀ.ಗೆ 83 ರೂ., 9 ಕಿ.ಮೀ.ಗೆ 186 ರೂ. ಆಗುತ್ತದೆ. ವ್ಯತ್ಯಾಸ 103ನ್ನು 5ರಿಂದ ಭಾಗಿಸಿದರೆ 20.6; ಪೈಸೆಗಳನ್ನು ಪೂರ್ಣಾಂಕಕ್ಕೆ ಸರಿಹೊಂದಿಸಿದ್ದರಿಂದ ಅಷ್ಟು ಕಡಿಮೆ. ಮಧ್ಯರಾತ್ರಿಯಿಂದ ಬೆಳಗಿನ 5ರವರೆಗೆ ಶೇ. 25 ಹೆಚ್ಚಳವಿರುವುದರಿಂದ ಇಳಿಜಾರು ಸುಮಾರು 25.83ಕ್ಕೆ ಏರುತ್ತದೆ.

ಚೆಂಬೂರಿನಿಂದ ದಾದರ್‌ಗೆ ಆಟೋ, ಟ್ಯಾಕ್ಸಿ ಎರಡನ್ನೂ ಹಿಡಿದು ಹೋಗುವವರ ನಕ್ಷೆ ಒಂದೇ ರೇಖೆಯಲ್ಲ. 17.14ರ ರೇಖೆ ಸಯನ್‌ನಲ್ಲಿ ನಿಲ್ಲುತ್ತದೆ, ಟ್ಯಾಕ್ಸಿ ಹತ್ತಿದೊಡನೆ ಒಟ್ಟು ಖರ್ಚು 31 ರೂ. ಮೇಲಕ್ಕೆ ಜಿಗಿಯುತ್ತದೆ, 1.5 ಕಿ.ಮೀ. ಸಮತಟ್ಟಾಗಿ ಸಾಗುತ್ತದೆ, ಬಳಿಕ 20.66ರ ಕಡಿದಾದ ಏರು ಶುರುವಾಗುತ್ತದೆ.