ನೆತ್ತಿಗೆ ಹತ್ತೋದು ಅಂದ್ರೇನು? ಒಂದು ತುತ್ತಿನ ಇನ್ನೂರು ವರ್ಷದ ಕಥೆ

ಊಟ ಮಾಡುವಾಗ ಯಾರಿಗಾದರೂ ಕೆಮ್ಮು ಬಂದರೆ ನಾವು "ನೆತ್ತಿಗೆ ಹತ್ತಿತು" ಅಂತೀವಿ. ತಲೆ ತಟ್ಟಿ, "ಯಾರೋ ನೆನೆಸ್ಕೊಂಡ್ರು" ಅಂತ ನೀರು ಕೊಡ್ತೀವಿ. ನಿಜವಾಗಿ ಆ ಅಗುಳು ನೆತ್ತಿಗೆ ಹೋಗಿರೋದಿಲ್ಲ, ಶ್ವಾಸನಾಳದ ಬಾಗಿಲಿಗೆ ಹೋಗಿರುತ್ತೆ. ಆರೋಗ್ಯವಂತರಿಗೆ ಕೆಮ್ಮೇ ಕಾವಲುಗಾರ. ಆದರೆ ಲಕ್ವಾ ಹೊಡೆದ ಅಪ್ಪನಿಗೆ, ಪಾರ್ಕಿನ್ಸನ್ಸ್ ಇರುವ ಅಜ್ಜಿಗೆ, ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಈ ಕಾವಲುಗಾರ ಕೆಲವೊಮ್ಮೆ ಏಳೋದೇ ಇಲ್ಲ. ಸದ್ದಿಲ್ಲದೆ ಆಹಾರ ಶ್ವಾಸಕೋಶಕ್ಕೆ ಇಳಿಯುತ್ತೆ, ನ್ಯುಮೋನಿಯಾ ಬರುತ್ತೆ. ಇದು ವೈದ್ಯರಿಗೆ ತಿಳಿದದ್ದು ಹೇಗೆ, ಮತ್ತು ಚಮಚ ಹಿಡಿಯುವ ಕೈಗೆ ಆ ತಿಳಿವಳಿಕೆ ತಲುಪಿದ್ದು ಹೇಗೆ ಅನ್ನೋದೇ ಇವತ್ತಿನ ವಿಷಯ.

1816ರ ಸುಮಾರಿಗೆ ಫ್ರಾನ್ಸಿನ ಶರೀರಶಾಸ್ತ್ರಜ್ಞ ಫ್ರಾನ್ಸ್ವಾ ಮಜಾಂಡಿ ನುಂಗುವ ಕ್ರಿಯೆಯನ್ನು ಮೂರು ಹಂತ ಮಾಡಿದ: ಬಾಯಿ, ಗಂಟಲು, ಅನ್ನನಾಳ. ಗಂಟಲಿನ ಹಂತ ಮುಗಿಯೋಕೆ ಒಂದು ಸೆಕೆಂಡು ಸಾಕು. ಅಷ್ಟರಲ್ಲಿ ಉಸಿರು ನಿಲ್ಲಬೇಕು, ಧ್ವನಿಪೆಟ್ಟಿಗೆ ಮೇಲೇರಬೇಕು, ಶ್ವಾಸನಾಳ ಮುಚ್ಚಬೇಕು, ಅನ್ನನಾಳ ತೆರೆಯಬೇಕು. 20ಕ್ಕೂ ಹೆಚ್ಚು ಸ್ನಾಯುಗಳು ಸರದಿ ತಪ್ಪದೆ ಕೆಲಸ ಮಾಡಬೇಕು. ಇದನ್ನು ಕಣ್ಣಾರೆ ನೋಡೋಕೆ ಎಕ್ಸ್-ರೇ ಬರುವವರೆಗೂ ಕಾಯಬೇಕಾಯ್ತು. 1895ರಲ್ಲಿ ರಾಂಟ್‌ಜನ್ ಅದನ್ನು ಕಂಡುಹಿಡಿದ. ಮರುವರ್ಷವೇ ಹಾರ್ವರ್ಡ್‌ನ ವೈದ್ಯಕೀಯ ವಿದ್ಯಾರ್ಥಿ ವಾಲ್ಟರ್ ಕ್ಯಾನನ್, ಉದ್ದ ಕತ್ತಿನ ಹೆಬ್ಬಾತಿಗೆ ಬಿಸ್ಮತ್ ನುಂಗಿಸಿ ತುತ್ತು ಕೆಳಗಿಳಿಯೋದನ್ನು ನೋಡಿದ.

ಆಮೇಲೆ ದಶಕಗಳ ಕಾಲ ಈ ಜ್ಞಾನ ಪ್ರಯೋಗಾಲಯ ಮತ್ತು ಎಕ್ಸ್-ರೇ ಕೋಣೆ ಬಿಟ್ಟು ಹೆಚ್ಚು ಹೊರಗೆ ಬರಲಿಲ್ಲ. ಮನೆಯಲ್ಲಿ ಉಣ್ಣಿಸುವ ತಾಯಿಗೆ ಯಾರೂ ಕೆಟಿ ಕೊಡಲಿಲ್ಲ ಅನ್ನಿ.

ತಾಯಂದಿರಿಗೇ ಹೇಳಿಕೊಡುವ ದಾರಿ ತೆರೆದದ್ದು ಲಂಡನ್ನಿನಲ್ಲಿ. ಬರ್ಟಾ ಮತ್ತು ಕಾರೆಲ್ ಬೋಬತ್ ದಂಪತಿ ಸೆರೆಬ್ರಲ್ ಪಾಲ್ಸಿ ಮಕ್ಕಳಿಗಾಗಿ ರೂಪಿಸಿದ ವಿಧಾನದ ಆಧಾರದ ಮೇಲೆ ನ್ಯಾನ್ಸಿ ಫಿನ್ನಿ 1968ರಲ್ಲಿ ಪಾಲಕರಿಗಾಗಿ ಒಂದು ಕೈಪಿಡಿ ತಂದರು. ಮಗುವನ್ನು ಎತ್ತೋದು, ಸ್ನಾನ ಮಾಡಿಸೋದು, ಉಣ್ಣಿಸೋದು ಎಲ್ಲ ಚಿತ್ರ ಸಮೇತ. 1987ರಲ್ಲಿ ಡೇವಿಡ್ ವರ್ನರ್ ಹಳ್ಳಿಗಳ ಅಂಗವಿಕಲ ಮಕ್ಕಳ ಬಗ್ಗೆ ಬರೆದ ಪುಸ್ತಕ, ಆಸ್ಪತ್ರೆ ಇಲ್ಲದ ಕಡೆಗೂ ಇದೇ ತಿಳಿವಳಿಕೆ ಒಯ್ದಿತು. ಮಗುವನ್ನು ನೆಟ್ಟಗೆ ಕೂರಿಸಿ, ತಲೆ ತುಸು ಮುಂದಕ್ಕೆ ಬಾಗಿರಲಿ ಅನ್ನೋದು ಅದರ ಮುಖ್ಯ ಪಾಠಗಳಲ್ಲಿ ಒಂದು.

ನಮ್ಮ ಮನೆಗಳ ಒಳಲೆ ನೆನಪಿದೆಯಾ? ಎಳೆಕೂಸನ್ನು ತೊಡೆ ಮೇಲೆ ಮಲಗಿಸಿ ಬಾಯಿಗೆ ಹಾಲು ಬಿಡುವ ಪುಟ್ಟ ಪಾತ್ರೆ. ಹೀರಲಾಗದ ಪುಟ್ಟ ಕೂಸುಗಳಿಗೆ ಇವತ್ತಿಗೂ ಆಸ್ಪತ್ರೆಗಳಲ್ಲಿ ಅದನ್ನು ಬಳಸುತ್ತಾರೆ. ಆದರೆ ಸೆರೆಬ್ರಲ್ ಪಾಲ್ಸಿ ಇರುವ ಐದು ವರ್ಷದ ಮಗುವನ್ನೂ ಮಲಗಿಸಿ, ತಲೆ ಹಿಂದಕ್ಕೆ ವಾಲಿಸಿ ಗಂಜಿ ಹುಯ್ದರೆ, ಅದು ನೇರ ಶ್ವಾಸನಾಳದ ದಾರಿ ಹಿಡಿಯಬಹುದು. ಪ್ರೀತಿಯಲ್ಲಿ ಕೊರತೆ ಇಲ್ಲ. ಮಗು ಬೆಳೆದರೂ ಭಂಗಿ ಬದಲಾಗಿಲ್ಲ, ಅಷ್ಟೇ.

ಇನ್ನು ಅಮೆರಿಕ. ಷಿಕಾಗೋ ಬಳಿಯ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜೆರಿ ಲೋಗ್‌ಮನ್, ರೋಗಿಗೆ ಬೇರಿಯಂ ಬೆರೆಸಿದ ದ್ರವ, ಪೇಸ್ಟ್, ಬಿಸ್ಕತ್ತು ಸ್ವಲ್ಪ ಸ್ವಲ್ಪವೇ ಕೊಟ್ಟು ನುಂಗೋದನ್ನು ಎಕ್ಸ್-ರೇ ವಿಡಿಯೋ ಮಾಡುವ ಪರೀಕ್ಷೆಯನ್ನು ವ್ಯವಸ್ಥಿತಗೊಳಿಸಿದರು. 1983ರ ಅವರ ಪುಸ್ತಕ ಈ ಕ್ಷೇತ್ರದ ಬುನಾದಿ. ಕೆಮ್ಮೇ ಇಲ್ಲದೆ ಆಹಾರ ಒಳಗಿಳಿಯೋದು ಇಂಥ ವಿಡಿಯೋಗಳಲ್ಲಿ ಸ್ಪಷ್ಟವಾಗಿ ಕಂಡಿತು. ಮಾತಿನ ತಜ್ಞರು ನುಂಗುವಿಕೆಯ ತಜ್ಞರೂ ಆದದ್ದು ಈ ಕಾಲದಲ್ಲೇ.

ನಮ್ಮಲ್ಲಿ? 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾಯಿತು. ಮರುವರ್ಷ ಮುಂಬೈಯ ನಾಯರ್ ಆಸ್ಪತ್ರೆಯಲ್ಲೂ ಈ ವಿದ್ಯೆಯ ಶಾಲೆ ಬಂತು. ಮೈಸೂರಿನ ಸಂಸ್ಥೆಯ ಹೆಸರು ಗಮನಿಸಿ: ಮಾತಿದೆ, ಕೇಳೋದಿದೆ, ನುಂಗೋದಿಲ್ಲ. ಆ ಕಾಲಕ್ಕೆ ಅದು ಸಹಜ. ಈಗ ಅಲ್ಲಿ ನುಂಗುವ ತೊಂದರೆಗಳಿಗೇ ಪ್ರತ್ಯೇಕ ಕೇಂದ್ರ ಇದೆ. ಇನ್ನೊಂದು ಕಡೆ, ಮಗಳಿಗೆ ಸೆರೆಬ್ರಲ್ ಪಾಲ್ಸಿ ಇದ್ದ ಮಿತು ಆಲೂರ್ 1972ರಲ್ಲಿ ಮುಂಬೈನಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಕಟ್ಟಿದರು. ಅದೇ ಹಾದಿಯಲ್ಲಿ ಕೋಲ್ಕತ್ತ, ದೆಹಲಿ, ಬೆಂಗಳೂರು, 1985ರಲ್ಲಿ ಚೆನ್ನೈನ ವಿದ್ಯಾಸಾಗರ್. ಇಂಥ ಶಾಲೆಗಳಲ್ಲಿ ಪಾಠ ಹೇಳುವ ಟೀಚರ್ ಮಧ್ಯಾಹ್ನದ ಡಬ್ಬಿ ಬಿಚ್ಚಿದಾಗಲೂ ಪಕ್ಕದಲ್ಲಿರಬೇಕು. ಹಾಗಾಗಿ ಉಣ್ಣಿಸೋದೂ ಶಿಕ್ಷಕರು ಕಲಿಯಬೇಕಾದ ಕೆಲಸ.

ತರಬೇತಿಯಿಂದ ನಿಜಕ್ಕೂ ಉಪಯೋಗ ಇದೆಯಾ? ಢಾಕಾದಲ್ಲಿ ನಡೆದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಸೆರೆಬ್ರಲ್ ಪಾಲ್ಸಿ ಮಕ್ಕಳಿಗೆ ಉಣ್ಣಿಸುವವರಿಗೆ ಕಡಿಮೆ ಖರ್ಚಿನ ತರಬೇತಿ ಕೊಟ್ಟರು. ಮಕ್ಕಳ ಉಸಿರಾಟದ ಆರೋಗ್ಯ ಸುಧಾರಿಸಿತು, ಊಟಕ್ಕೆ ಸಹಕರಿಸೋದು ಹೆಚ್ಚಾಯಿತು, ಅಮ್ಮಂದಿರ ಒತ್ತಡ ಇಳಿಯಿತು. ಆದರೆ ತೀರಾ ಅಪೌಷ್ಟಿಕತೆ ಇರುವ ಮಕ್ಕಳಿಗೆ ತರಬೇತಿಯೊಂದೇ ಸಾಲದು, ಪೂರಕ ಆಹಾರವೂ ಬೇಕು ಅಂತಲೂ ಅದು ಹೇಳಿತು. ಬಡತನವನ್ನು ತರಬೇತಿಯಿಂದ ಮುಚ್ಚೋಕಾಗಲ್ಲ.

ಕೊನೆಯದು ನಮ್ಮಂಥವರಿಗೆ ಇಷ್ಟ ಆಗುವ ಭಾಗ, ಸ್ಟ್ಯಾಂಡರ್ಡ್. "ಗಟ್ಟಿ ಮಾಡಿ ಕೊಡಿ" ಅಂದರೆ ಎಷ್ಟು ಗಟ್ಟಿ? ಒಂದೊಂದು ದೇಶಕ್ಕೆ ಒಂದೊಂದು ಹೆಸರಿತ್ತು. 2013ರಲ್ಲಿ ಶುರುವಾದ ಇಡ್ಸಿ ಎಂಬ ಅಂತಾರಾಷ್ಟ್ರೀಯ ಗುಂಪು 0ಯಿಂದ 7ರವರೆಗೆ ಎಂಟು ಮಟ್ಟ ಮಾಡಿತು. ದ್ರವ ಅಳೆಯೋಕೆ ಬೇಕಾದ್ದು 10 ಮಿ.ಲೀ. ಸಿರಿಂಜು ಮಾತ್ರ. ತುಂಬಿ, 10 ಸೆಕೆಂಡು ಹರಿಯಬಿಟ್ಟು, ಉಳಿದದ್ದು ನೋಡಿ: 1 ಮಿ.ಲೀ.ಗಿಂತ ಕಡಿಮೆ ಉಳಿದರೆ ಮಟ್ಟ 0. 1ರಿಂದ 4 ಉಳಿದರೆ ಮಟ್ಟ 1. 4ರಿಂದ 8 ಉಳಿದರೆ ಮಟ್ಟ 2. ಈ ಲೆಕ್ಕದಲ್ಲಿ ನಮ್ಮ ಅಡುಗೆಮನೆ ಬೇರೆಯೇ ಕಾಣುತ್ತೆ. ಸಾದಾ ನೀರು ಮಟ್ಟ 0, ಹಲವು ರೋಗಿಗಳಿಗೆ ಅದೇ ಅತಿ ಕಷ್ಟ, ಯಾಕಂದ್ರೆ ಗಂಟಲು ಮುಚ್ಚುವ ಮೊದಲೇ ಜಾರಿಬಿಡುತ್ತೆ. ತಿಳಿಸಾರು ಅನ್ನದಲ್ಲಿ ಸಾರು ಮುಂದೆ ಓಡುತ್ತೆ, ಅಗುಳು ಹಿಂದೆ ಉಳಿಯುತ್ತೆ. ಮುದ್ದೆ ಮೆತ್ತಗಿದೆ, ಆದರೆ ಅಂಟುತ್ತೆ.

ನಾವು ಪುಣೆ, ಹೈದರಾಬಾದ್‌ನಲ್ಲಿ ಕೂತು ಊರಲ್ಲಿರುವ ಅಪ್ಪನಿಗೆ ಹೋಮ್ ನರ್ಸ್ ಗೊತ್ತು ಮಾಡ್ತೀವಿ. ಸಂಬಳ, ರಜೆ, ಆಧಾರ್ ಎಲ್ಲ ವಿಚಾರಿಸ್ತೀವಿ. ತಿನ್ನಿಸೋದು ಹೇಗೆ ಅಂತ ಗೊತ್ತಾ ಎಂದು ಕೇಳೋದು ಅಪರೂಪ. ಊಟದ ನಂತರ ಧ್ವನಿ ಗೊರಗೊರ ಅನ್ನೋದು, ಪದೇ ಪದೇ ಎದೆ ಸೋಂಕು, ತೂಕ ಇಳಿಯೋದು, ಒಂದು ಊಟಕ್ಕೆ ತುಂಬಾ ಹೊತ್ತು ಹಿಡಿಯೋದು ಕಂಡರೆ ಸ್ಪೀಚ್ ಥೆರಪಿಸ್ಟ್‌ಗೆ ತೋರಿಸಿ. ಯಾವ ಭಂಗಿ, ಯಾವ ಮಟ್ಟ, ಎಷ್ಟು ದೊಡ್ಡ ತುತ್ತು ಅನ್ನೋದನ್ನು ಅವರೇ ಹೇಳಬೇಕು. ಹಾಗೆ ಹೋಗುವಾಗ ಫೈಲ್ ಹಿಡಿದ ಮಗನ ಜೊತೆ ಚಮಚ ಹಿಡಿಯುವವರನ್ನೂ ಕರೆದುಕೊಂಡು ಹೋಗಿ. ಮಜಾಂಡಿಯಿಂದ ಇಡ್ಸಿವರೆಗೆ ಇನ್ನೂರು ವರ್ಷ ಕೂಡಿಟ್ಟ ತಿಳಿವಳಿಕೆ ಬೇಕಾಗಿರೋದು ಆ ಕೈಗೆ.